ಒಡೆತನದ ಆಸೆ ಹುಟ್ಟಿನಿಂದ ಬಂದದ್ದೋ, ಕಲಿತದ್ದೋ?

ಪ್ರಶ್ನೆ

ಖಾಸಗಿ ಆಸ್ತಿಯನ್ನು ಸಮರ್ಥಿಸುವವರು ಕಡೆಗೆ ಒಂದೇ ಮಾತಿಗೆ ಬಂದು ನಿಲ್ಲುವುದನ್ನು ಗಮನಿಸಿದ್ದೇನೆ: ಅದು ಮನುಷ್ಯ ಸ್ವಭಾವ, ಎರಡು ವರ್ಷದ ಮಗು ಕೂಡ ಆಟಿಕೆಯನ್ನು ಎದೆಗವಚಿಕೊಂಡು ‘ನನ್ನದು’ ಎನ್ನುತ್ತದೆ ಎಂಬುದು ಅವರ ವಾದ. ಆಟಿಕೆಯ ಮೇಲಿನ ಈ ಮಮಕಾರದಿಂದ ಜಮೀನು, ಕಾರ್ಖಾನೆ, ಷೇರುಗಳ ಒಡೆತನದವರೆಗೆ ನೇರವಾದ ದಾರಿ ನಿಜವಾಗಿಯೂ ಇದೆಯೇ?

ಮೊದಲ ಉತ್ತರ

ಆ ಮಮಕಾರವನ್ನು ಹಗುರವಾಗಿ ಕಾಣಬಾರದು. ಮನಶ್ಶಾಸ್ತ್ರಜ್ಞ ಕಾನೆಮನ್, ಅರ್ಥಶಾಸ್ತ್ರಜ್ಞ ಥೇಲರ್ ಮತ್ತು ಅವರ ಸಹೋದ್ಯೋಗಿ 1990ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಕೆಲವು ವಿದ್ಯಾರ್ಥಿಗಳಿಗೆ ಸಾಧಾರಣ ಕಾಫಿ ಮಗ್ ಕೊಡಲಾಗಿತ್ತು. ಅದನ್ನು ಮಾರಲು ಅವರು ಕೇಳಿದ ಬೆಲೆ, ಮಗ್ ಸಿಗದವರು ಕೊಡಲು ಒಪ್ಪಿದ ಬೆಲೆಯ ಸುಮಾರು ಎರಡರಷ್ಟಿತ್ತು. ಕೈಗೆ ಬಂದು ಕೆಲವೇ ನಿಮಿಷಗಳಾಗಿದ್ದ ವಸ್ತುವಿಗೇ ಇಷ್ಟು ಅಂಟಿಕೊಳ್ಳುವ ಜೀವಿಗೆ ಒಡೆತನವನ್ನು ಯಾರೋ ಹೊರಗಿನಿಂದ ಕಲಿಸಿದರು ಎನ್ನುವುದು ನನಗೆ ನಂಬಲು ಕಷ್ಟ.

ಎರಡನೆಯ ಉತ್ತರ

ಅದೇ ಬಗೆಯ ಪರೀಕ್ಷೆಯನ್ನು ಟಾಂಜಾನಿಯದ ಹಡ್ಜಾ ಬೇಟೆಗಾರರ ನಡುವೆ ನಡೆಸಿದ ಅಧ್ಯಯನವೊಂದು 2014ರಲ್ಲಿ ಪ್ರಕಟವಾಯಿತು. ಅದರ ಫಲಿತಾಂಶ ಬೇರೆಯೇ ಇದೆ. ಪ್ರವಾಸಿಗರೊಡನೆ ಕೊಡುಕೊಳ್ಳುವ ವ್ಯವಹಾರವಿದ್ದ ಹಡ್ಜಾಗಳು ಕೈಗೆ ಬಂದ ವಸ್ತುವನ್ನೇ ಹಿಡಿದುಕೊಂಡರು. ಮಾರುಕಟ್ಟೆಯಿಂದ ದೂರವಿದ್ದ ಗುಂಪುಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಅದನ್ನು ಕೊಟ್ಟು ಬೇರೊಂದನ್ನು ಪಡೆದುಕೊಂಡರು, ಅಂದರೆ ಕೈಗೆ ಬಂದದ್ದು ಎಂಬ ಕಾರಣಕ್ಕೆ ಅಂಟಿಕೊಳ್ಳಲಿಲ್ಲ. ಜನಾಂಗ ಒಂದೇ, ಭಾಷೆ ಒಂದೇ, ಬದುಕಿನ ಸಂದರ್ಭ ಮಾತ್ರ ಬೇರೆ.

ಇನ್ನೊಂದು ಮಾತು: ಸ್ವಾಧೀನವೇ ಬೇರೆ, ಆಸ್ತಿಯೇ ಬೇರೆ. ಎಲುಬನ್ನು ಕಚ್ಚಿ ಗುರುಗುಟ್ಟುವ ನಾಯಿಗೂ ಸ್ವಾಧೀನವಿದೆ. ಆದರೆ ನಾನು ಎಲ್ಲೋ ದೂರದಲ್ಲಿ ಮಲಗಿ ನಿದ್ರಿಸುತ್ತಿರುವಾಗಲೂ ನನ್ನ ಹೊಲಕ್ಕೆ ಯಾರೂ ಕಾಲಿಡಬಾರದು ಎಂಬುದು ನನ್ನ ಆಸೆಯಿಂದ ನಡೆಯುವ ಸಂಗತಿಯಲ್ಲ, ಉಳಿದವರೆಲ್ಲರ ಒಪ್ಪಿಗೆಯಿಂದ, ಅಥವಾ ಅವರ ಭಯದಿಂದ, ನಡೆಯುವಂಥದ್ದು.

ಮೂರನೆಯ ಉತ್ತರ

ಆಸ್ತಿ ನಡೆಯುವುದು ಜನರ ಒಪ್ಪಿಗೆಯಿಂದ ಎಂಬುದಕ್ಕೆ ನನಗೆ ಬಹಳ ಇಷ್ಟವಾದ ಉದಾಹರಣೆ ಸ್ವಿಟ್ಜರ್ಲೆಂಡಿನ ಟೋರ್ಬೆಲ್ ಎಂಬ ಬೆಟ್ಟದ ಹಳ್ಳಿ. ಸಾಮುದಾಯಿಕ ಸಂಪನ್ಮೂಲಗಳನ್ನು ಅಧ್ಯಯನ ಮಾಡಿದ ಎಲಿನರ್ ಓಸ್ಟ್ರೊಮ್ ಅದನ್ನು ವಿವರವಾಗಿ ಚರ್ಚಿಸಿದ್ದಾರೆ. ಅಲ್ಲಿನವರು ಧಾನ್ಯದ ಹೊಲವನ್ನೂ ದ್ರಾಕ್ಷಿತೋಟವನ್ನೂ ಖಾಸಗಿಯಾಗಿ ಇಟ್ಟುಕೊಂಡು, ಎತ್ತರದ ಹುಲ್ಲುಗಾವಲನ್ನೂ ಕಾಡನ್ನೂ ಶತಮಾನಗಳ ಕಾಲ ಸಾಮುದಾಯಿಕವಾಗಿ ಉಳಿಸಿಕೊಂಡರು. ಚಳಿಗಾಲದಲ್ಲಿ ತಾನು ಮೇವು ಹಾಕಿ ಸಾಕಬಲ್ಲಷ್ಟು ಹಸುಗಳನ್ನು ಮಾತ್ರ ಬೇಸಿಗೆಯಲ್ಲಿ ಆ ಹುಲ್ಲುಗಾವಲಿಗೆ ಬಿಡಬೇಕೆಂಬ ನಿಯಮ 1517ರಷ್ಟು ಹಳೆಯದು. ಹೊಲದ ಬೆಳೆ ಒಬ್ಬೊಬ್ಬರ ದುಡಿಮೆಯನ್ನು ಅವಲಂಬಿಸಿದರೆ, ವಿಶಾಲವಾದ ಹುಲ್ಲುಗಾವಲನ್ನು ತುಂಡು ಮಾಡಿ ಬೇಲಿ ಹಾಕುವ ಖರ್ಚು ಅದರ ಹುಟ್ಟುವಳಿಗೆ ಸರಿಹೋಗುವುದಿಲ್ಲ. ಯಾವುದನ್ನು ಪಾಲು ಮಾಡಿ ಒಬ್ಬೊಬ್ಬರು ಇಟ್ಟುಕೊಳ್ಳಬೇಕು, ಯಾವುದನ್ನು ಒಟ್ಟಾಗಿ ಇಟ್ಟುಕೊಳ್ಳಬೇಕು ಎಂಬ ತೀರ್ಮಾನಕ್ಕೆ ಸ್ವಭಾವಕ್ಕಿಂತ ಇಂಥ ಲೆಕ್ಕಾಚಾರವೇ ಹೆಚ್ಚು ಕಾರಣವಾಗಿರಬೇಕು ಎಂಬುದು ನನ್ನ ಎಣಿಕೆ.

ಆದರೆ ಮೊದಲ ಉತ್ತರವನ್ನು ಪೂರ್ತಿ ತಳ್ಳಿಹಾಕಲಾರೆ. 1910ರಲ್ಲಿ ಆರಂಭವಾದ ಇಸ್ರೇಲಿನ ಕಿಬ್ಬುಟ್ಸ್ ಸಮುದಾಯಗಳಲ್ಲಿ ಆದಾಯವೂ ಆಸ್ತಿಯೂ ಎಲ್ಲರದಾಗಿತ್ತು. ಜನ ಸ್ವಇಚ್ಛೆಯಿಂದಲೇ ಸೇರಿದ್ದರು. ಹಾಗಿದ್ದೂ ಅವುಗಳಲ್ಲಿ ಬಹುಪಾಲು ಈಚಿನ ದಶಕಗಳಲ್ಲಿ ಕೆಲಸಕ್ಕೆ ತಕ್ಕ ಬೇರೆ ಬೇರೆ ಸಂಬಳದ ಪದ್ಧತಿಗೆ ಹೊರಳಿದವು. ಸಾಲದ ಹೊರೆಯೂ ಅದಕ್ಕೆ ಕಾರಣವಾಗಿತ್ತು, ನಿಜ. ಎಲ್ಲವನ್ನೂ ಸಾಲದ ತಲೆಗೆ ಕಟ್ಟಲು ಮಾತ್ರ ನಾನು ಸಿದ್ಧನಿಲ್ಲ.

ಪ್ರಶ್ನೆ ಕೇಳಿದವರು

ಸ್ವಾಧೀನ ಮತ್ತು ಆಸ್ತಿಯ ಭೇದವನ್ನು ಒಪ್ಪಿದೆ. ಹಾಗಿದ್ದರೆ ಉಯಿಲನ್ನು ಏನೆಂದು ಕರೆಯಬೇಕು? ಅಲ್ಲಿ ಹಿಡಿದುಕೊಳ್ಳುವ ಕೈಯೂ ಇಲ್ಲ, ಆಸೆಪಡುವ ಮನಸ್ಸೂ ಇಲ್ಲ, ಆದರೂ ಸತ್ತವನ ‘ನನ್ನದು’ ಎಂಬ ಮಾತು ನಡೆಯುತ್ತದೆ. ಸ್ವಭಾವದ ವಾದವನ್ನು ಹೂಡುವವರು ಇದಕ್ಕೆ ಕೊಡುವ ವಿವರಣೆಯನ್ನು ಕೇಳಬೇಕೆಂದಿದ್ದೇನೆ.