ಅಪ್‌ಡೇಟ್: ಬೆವರಿಗೆ ಕಿತ್ತು ಬರುತ್ತಿದ್ದ ಈಸ್ಟ್ರೋಜನ್ ಪ್ಯಾಚ್

ಚರ್ಮಕ್ಕೆ ಅಂಟಿಸಿಕೊಂಡು ವಾರಕ್ಕೆ ಎರಡು ಸಲ ಬದಲಿಸುವ 50 ಮೈಕ್ರೋಗ್ರಾಂ ಈಸ್ಟ್ರೋಜನ್ (ಹೆಣ್ಣು ಹಾರ್ಮೋನ್) ಪ್ಯಾಚ್ ಬೆವರಿಗೆ ಅಂಚಿನಿಂದ ಏಳುತ್ತೆ, ಹಾಟ್ ಫ್ಲಶ್ (ಮುಟ್ಟು ನಿಲ್ಲುವ ಕಾಲದಲ್ಲಿ ಮೈ ಇದ್ದಕ್ಕಿದ್ದಂತೆ ಬಿಸಿಯೇರುವುದು) ಮತ್ತೆ ಶುರುವಾಗುತ್ತೆ, ಏನು ಮಾಡಲಿ ಅಂತ ಇಲ್ಲಿ ಕೇಳಿದ್ದೆ, ಅದೀಗ ಬಗೆಹರಿಯಿತು.

ಮೇಲೆ ಟೇಪ್ ಅಂಟಿಸುವ ಸಲಹೆ ಫಲಿಸಲಿಲ್ಲ. ಅಡಿಯಲ್ಲಿ ಬೆವರು ಕಟ್ಟಿಕೊಂಡು ತುರಿಕೆ ಬಂತು. ಹೊಟ್ಟೆ ಬಿಟ್ಟು ಪೃಷ್ಠದ ಮೇಲ್ಭಾಗಕ್ಕೆ ಹಾಕಿ ಅಂದವರ ಮಾತು ಅರ್ಧ ಕೆಲಸ ಮಾಡಿತು, ಲಂಗದ ಲಾಡಿ ಉಜ್ಜುವುದು ತಪ್ಪಿತು. ಆದರೆ ಎಣ್ಣೆ ಸ್ನಾನದ ದಿನ ಎಲ್ಲಿ ಹಾಕಿದರೂ ಅಂಟಲ್ಲ.

ಗೆದ್ದದ್ದು "ಡಾಕ್ಟರನ್ನು ಕೇಳಿ ಜೆಲ್‌ಗೆ ಬದಲಿಸಿ" ಅನ್ನುವ ಸಲಹೆ. ಇದು ಚರ್ಮಕ್ಕೆ ಹಚ್ಚುವ 0.06% ಈಸ್ಟ್ರೋಜನ್ ಜೆಲ್, ಪಂಪ್ ಒಮ್ಮೆ ಒತ್ತಿದರೆ 1.25 ಗ್ರಾಂ, ಅದರಲ್ಲಿ 0.75 ಮಿ.ಗ್ರಾಂ ಈಸ್ಟ್ರಡಯಾಲ್ (ಈಸ್ಟ್ರೋಜನ್‌ನ ಒಂದು ರೂಪ). ಡಾಕ್ಟರು ನನಗೆ ಬರೆದುಕೊಟ್ಟದ್ದು ದಿನಕ್ಕೆ ಎರಡು ಒತ್ತು. ಸ್ನಾನದ ನಂತರ, ಒಣ ಚರ್ಮಕ್ಕೆ, ತೋಳಿನ ಹೊರಭಾಗ ಅಥವಾ ತೊಡೆಯ ಒಳಭಾಗದಲ್ಲಿ ತೆಳ್ಳಗೆ, ಅಗಲವಾಗಿ ಹರಡಬೇಕು. ತಿಕ್ಕಿ ಇಂಗಿಸುವುದು ಬೇಡ. ಸ್ತನಕ್ಕೆ ಮಾತ್ರ ಹಚ್ಚಲೇಬಾರದು. ಐದು ನಿಮಿಷ ಒಣಗಲಿ. ಆಲ್ಕೋಹಾಲ್ ಇರುವುದರಿಂದ ಅಲ್ಲಿಯವರೆಗೆ ಒಲೆ, ದೇವರ ದೀಪದ ಹತ್ತಿರ ಹೋಗಬೇಡಿ. (ಇದನ್ನು ಯಾರೂ ಹೇಳಿರಲಿಲ್ಲ!) ಕೈ ಸೋಪಿನಿಂದ ತೊಳೆಯಿರಿ. ಒಂದು ಗಂಟೆ ಆ ಜಾಗಕ್ಕೆ ನೀರು, ಲೋಷನ್ ಸೋಕದಿರಲಿ, ಮಕ್ಕಳ ಮೈ ತಾಗದಿರಲಿ.

ಇನ್ನೊಂದು: ಗರ್ಭಕೋಶ ಇರುವವರಿಗೆ ಜೆಲ್ ಆಗಲಿ ಪ್ಯಾಚ್ ಆಗಲಿ ಒಂಟಿಯಾಗಿ ಸಾಲದು. ಗರ್ಭಕೋಶದ ಒಳಪದರ ದಪ್ಪವಾಗದಂತೆ ಪ್ರೊಜೆಸ್ಟರಾನ್ ಅನ್ನುವ ಇನ್ನೊಂದು ಹಾರ್ಮೋನ್ ಕೂಡ ಬೇಕು. ಮೈಕ್ರೊನೈಸ್ಡ್ (ತೀರಾ ನುಣ್ಣಗೆ ಪುಡಿ ಮಾಡಿದ) ಪ್ರೊಜೆಸ್ಟರಾನ್ ನುಂಗಿದರೆ ತೂಕಡಿಕೆ ಬರುತ್ತೆ, ಹಾಗಾಗಿ ರಾತ್ರಿ ಮಲಗುವಾಗಲೇ ತೆಗೆದುಕೊಳ್ಳಲು ಹೇಳುತ್ತಾರೆ. ನಿದ್ದೆಗೂ ಅನುಕೂಲವೇ.