ಟೋಕಿಯೊದಲ್ಲಿ ಅರ್ಧ ದಿನ ಬಿಡುವಿದೆ, ಮೇಜಿ ಜಿಂಗು ಕಾಡಿಗೆ ಹೋಗಬಹುದಾ?

ಕಾಡುಮಲ್ಲಿಗೆ:
ಜೂನ್‌ನಲ್ಲಿ ಆಫೀಸಿನ ಕೆಲಸಕ್ಕೆ ಟೋಕಿಯೊಗೆ ಹೋಗುತ್ತಿದ್ದೇನೆ. ಅಮ್ಮನೂ ಜೊತೆಗೆ ಬರುತ್ತಿದ್ದಾರೆ. ಕೆಲಸ ಮುಗಿದ ಮೇಲೆ ಸಿಗುವುದು ಅರ್ಧ ದಿನ ಮಾತ್ರ. ಅಂಗಡಿ ಬೀದಿ, ಎತ್ತರದ ಟವರ್ ಏನೂ ಬೇಡ, ಮರ ಇರುವ ಕಡೆ ಕರೆದುಕೊಂಡು ಹೋಗು ಅಂತ ಅಮ್ಮ ಹೇಳಿಬಿಟ್ಟಿದ್ದಾರೆ. ಹರಾಜುಕು ಸ್ಟೇಷನ್ ಪಕ್ಕದಲ್ಲೇ ಮೇಜಿ ಜಿಂಗು ದೇವಸ್ಥಾನದ ಸುತ್ತ ದೊಡ್ಡ ಕಾಡಿದೆ ಎಂದು ಓದಿದೆ, ಆದರೆ ಫೋಟೋಗಳಲ್ಲಿ ಅಗಲವಾದ ಒಂದು ದಾರಿ, ಎರಡೂ ಕಡೆ ಮರ, ಇಷ್ಟೇ ಕಾಣುತ್ತದೆ. ಅದು ನಿಜವಾಗಲೂ ಕಾಡಾ? ಅಮ್ಮನಿಗೆ ಮಂಡಿ ನೋವು ಬೇರೆ ಇದೆ. ಹೋಗಿ ಬಂದವರು ದಯವಿಟ್ಟು ಹೇಳಿ.

ರೈಲುಪ್ರಿಯ:
ಕಣ್ಣು ಮುಚ್ಚಿಕೊಂಡು ಹೋಗಿ. ಯಾಮಾನೋತೆ ಲೈನ್‌ನಲ್ಲಿ ಹರಾಜುಕು ಇಳಿದರೆ ಒಂದು ಕಡೆ ತಾಕೆಶಿತಾ ಬೀದಿಯ ಜನಜಂಗುಳಿ, ಇನ್ನೊಂದು ಕಡೆ ಕಾಡಿನ ಬಾಗಿಲು. ಪ್ರವೇಶ ಉಚಿತ. ಸೂರ್ಯ ಹುಟ್ಟಿದಾಗ ತೆರೆಯುತ್ತಾರೆ, ಮುಳುಗುವಾಗ ಮುಚ್ಚುತ್ತಾರೆ, ಹಾಗಾಗಿ ಸಮಯ ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ. ಬೆಳಿಗ್ಗೆ ಬೇಗ ಹೋಗಿ. ಹತ್ತು ಗಂಟೆ ದಾಟಿದರೆ ಟೂರಿಸ್ಟ್ ಗುಂಪುಗಳು ಜಾಸ್ತಿ. ಜೂನ್ ಅಂದರೆ ಅಲ್ಲಿ ಮಳೆಗಾಲ, ಕೊಡೆ ಮರೆಯಬೇಡಿ.

ಬೀಜದುಂಡೆ:
ಕಾಡಾ ಅಂತ ಕೇಳಿದ್ದೀರಲ್ಲ, ಅದಕ್ಕೆ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಏಕೆಂದರೆ ಈ ಕಥೆ ಗೊತ್ತಿಲ್ಲದೆ ಹೋದರೆ ಅಲ್ಲಿ ಅರ್ಧ ನೋಡಿದಂತೆ.

ಅದು ಮನುಷ್ಯರು ನೆಟ್ಟ ಕಾಡು. ಮೇಜಿ ಚಕ್ರವರ್ತಿ 1912ರಲ್ಲಿ ತೀರಿಕೊಂಡರು, ಅವರ ಮತ್ತು ರಾಣಿ ಶೋಕೆನ್ ಅವರ ನೆನಪಿಗೆ ಕಟ್ಟಿದ ದೇವಸ್ಥಾನ 1920ರಲ್ಲಿ ಮುಗಿಯಿತು. ಸುಮಾರು 70 ಹೆಕ್ಟೇರ್ ಜಾಗ. ದೇಶದ ಎಲ್ಲ ಕಡೆಯಿಂದ ಜನ ಸುಮಾರು ಒಂದು ಲಕ್ಷ ಮರಗಳನ್ನು ಕಾಣಿಕೆಯಾಗಿ ಕಳಿಸಿದರು. ಯುವಕರ ಸಂಘಗಳು ಬಂದು ಶ್ರಮದಾನ ಮಾಡಿದವು.

ಆಗ ಒಂದು ಜಗಳವೂ ನಡೆಯಿತು. ಪ್ರಧಾನಿ ಒಕುಮಾ ಶಿಗೆನೊಬು ಅವರಿಗೆ ದೇವಸ್ಥಾನ ಎಂದರೆ ನೆಟ್ಟಗೆ ಆಕಾಶಕ್ಕೆ ಬೆಳೆಯುವ ಸುಗಿ ಎಂಬ ಜಪಾನಿ ಸೀಡರ್ ಮರಗಳೇ ಬೇಕಿತ್ತು. ಹೋಂಡಾ ಸೇರೊಕು ಎಂಬ ಅರಣ್ಯ ವಿಜ್ಞಾನಿ ಮತ್ತು ಅವರ ಜೊತೆಯವರು ಒಪ್ಪಲಿಲ್ಲ. ಈ ಮಣ್ಣಿಗೆ, ಊರಿನ ಹೊಗೆಗೆ ಸುಗಿ ತಡೆಯುವುದಿಲ್ಲ, ಓಕ್ ಜಾತಿಯ ನಿತ್ಯಹಸಿರು ಮರ ಮತ್ತು ಕರ್ಪೂರದ ಮರ ಹಾಕಬೇಕು ಎಂದು ಹಟ ಹಿಡಿದರು, ಗೆದ್ದರು. ಮೊದಲು ಪೈನ್ ಮರಗಳು ಮೇಲೆ ನಿಲ್ಲಲಿ, ಅವುಗಳ ನೆರಳಲ್ಲಿ ಅಗಲ ಎಲೆಯ ಮರಗಳು ಬೆಳೆಯಲಿ, ಕೊನೆಗೆ ಪೈನ್ ತಾನಾಗಿ ಕಡಿಮೆಯಾಗಿ ಇವೇ ಕಾಡನ್ನು ತುಂಬಲಿ, ಯಾರೂ ನೆಡುವ ಅಗತ್ಯವೇ ಇರಬಾರದು ಎನ್ನುವುದು ಲೆಕ್ಕಾಚಾರ. ಇದಕ್ಕೆ 150 ವರ್ಷ ಬೇಕು ಎಂದುಕೊಂಡಿದ್ದರು. ಕಾಡು ಅದಕ್ಕಿಂತ ಬೇಗನೇ ಅಲ್ಲಿಗೆ ತಲುಪಿತು. ತಾವು ಕಣ್ಣಾರೆ ನೋಡಲಾರದ ಕಾಡಿಗಾಗಿ ಪ್ರಧಾನಿ ಎದುರೇ ವಾದಕ್ಕೆ ನಿಂತವರು ಅವರು, ನನಗೆ ಅವರ ಮೇಲೆ ಬಹಳ ಗೌರವ.

1945ರ ಬಾಂಬ್ ದಾಳಿಯಲ್ಲಿ ಮುಖ್ಯ ಕಟ್ಟಡ ಸುಟ್ಟುಹೋಯಿತು, ಕಾಡು ಉಳಿಯಿತು. ಈಗಿರುವ ಕಟ್ಟಡ 1958ರದು. ಹೋದಾಗ ಉದ್ದ ಪೊರಕೆ ಹಿಡಿದು ದಾರಿ ಗುಡಿಸುವವರನ್ನು ಗಮನಿಸಿ. ಬಿದ್ದ ಎಲೆಯನ್ನು ಅವರು ಕಸಕ್ಕೆ ಹಾಕುವುದಿಲ್ಲ, ಸುಡುವುದೂ ಇಲ್ಲ, ಮತ್ತೆ ಮರಗಳ ಬುಡಕ್ಕೇ ಸೇರಿಸುತ್ತಾರೆ. ಹೊರಗಿನಿಂದ ಗೊಬ್ಬರ ತರುವ ಪ್ರಶ್ನೆಯೇ ಇಲ್ಲ. ನಮ್ಮ ಊರುಗಳ ಪಾರ್ಕ್‌ಗಳಲ್ಲಿ ಎಲೆ ರಾಶಿ ಹಾಕಿ ಬೆಂಕಿ ಇಡುವುದನ್ನು ನೋಡಿದಾಗೆಲ್ಲ ನನಗೆ ಇದೇ ನೆನಪಾಗಿ ಹೊಟ್ಟೆ ಉರಿಯುತ್ತದೆ.

ಚಾರಣಿಗ:
ಮೇಲಿನ ಮಾತೆಲ್ಲ ಸರಿ, ಆದರೆ ಒಂದು ವಿಷಯ ಸ್ಪಷ್ಟವಾಗಿ ಹೇಳಬೇಕು. ಕಾಡಿನ ಒಳಗೆ ಕಾಲಿಡುವ ಹಾಗಿಲ್ಲ. ದಾರಿಯ ಮೇಲೆ ಮಾತ್ರ ನಡೆಯಬೇಕು. ನಮ್ಮ ಪಶ್ಚಿಮ ಘಟ್ಟದಲ್ಲಿ ಓಡಾಡಿದವರಿಗೆ ಇದು ಸ್ವಲ್ಪ ನಿರಾಸೆಯೇ. ಕಾಡು ಉಳಿದಿರುವುದು ಈ ನಿಯಮದಿಂದಲೇ, ಅದನ್ನು ಒಪ್ಪುತ್ತೇನೆ. ಆದರೂ ಟ್ರೆಕ್ಕಿಂಗ್ ಆಸೆ ಇಟ್ಟುಕೊಂಡು ಹೋಗಬೇಡಿ.

ಇನ್ನು ಅಮ್ಮನ ಮಂಡಿ. ದಾರಿ ಹೆಚ್ಚುಕಡಿಮೆ ಸಮತಟ್ಟು, ಸ್ಟೇಷನ್‌ನಿಂದ ದೇವಸ್ಥಾನಕ್ಕೆ ಆರಾಮವಾಗಿ ನಡೆದರೆ ಹದಿನೈದು ನಿಮಿಷ ಸಾಕು, ಆದರೆ ಉದ್ದಕ್ಕೂ ಸಣ್ಣ ಜಲ್ಲಿಕಲ್ಲು ಹಾಸಿದ್ದಾರೆ. ಚಪ್ಪಲಿ ಬೇಡ, ದಪ್ಪ ಸೋಲ್ ಇರುವ ಶೂ ಹಾಕಿಸಿ.

ಕಾಡುಮಲ್ಲಿಗೆ:
ಎಲ್ಲರಿಗೂ ಥ್ಯಾಂಕ್ಸ್. ಎಲೆ ವಾಪಸ್ ಹಾಕುವ ವಿಷಯ ಅಮ್ಮನಿಗೆ ಓದಿ ಹೇಳಿದೆ, ತೋಟ ಮಾಡಿದವರು, ತುಂಬಾ ಖುಷಿಪಟ್ಟರು. ಜೂನ್‌ನಲ್ಲಿ ಏನಾದರೂ ಹೂವು ಇರುತ್ತದಾ? ಅಲ್ಲಿ ನಮಸ್ಕಾರ ಮಾಡುವ ಕ್ರಮ ಏನು? ಹೂವು, ಹಣ್ಣು ಒಯ್ಯಬೇಕಾ ಎಂದು ಅಮ್ಮ ಕೇಳುತ್ತಿದ್ದಾರೆ.

ತೋಕಿಯೋದಕ್ಕ:
ಏನೂ ಒಯ್ಯಬೇಡಿ. ಒಳಗೆ ಹೋಗುವ ಮುಂಚೆ ನೀರಿನ ತೊಟ್ಟಿ ಹತ್ತಿರ ಕೈ, ಬಾಯಿ ತೊಳೆದುಕೊಳ್ಳುತ್ತಾರೆ. ಪೆಟ್ಟಿಗೆಗೆ ನಾಣ್ಯ ಹಾಕಿ, ಎರಡು ಸಲ ಬಾಗಿ, ಎರಡು ಸಲ ಚಪ್ಪಾಳೆ ತಟ್ಟಿ, ಬೇಡಿಕೊಂಡು, ಮತ್ತೊಮ್ಮೆ ಬಾಗಬೇಕು. ಅಷ್ಟೇ. ಅಂಗಳದಲ್ಲಿ ಹಗ್ಗ ಕಟ್ಟಿದ ಜೋಡಿ ಕರ್ಪೂರದ ಮರಗಳಿವೆ, ಗಂಡ ಹೆಂಡತಿ ಮರ ಅಂತಾರೆ. ಅಮ್ಮನಿಗೆ ತಪ್ಪದೆ ತೋರಿಸಿ, ಆರತಿಗೆ ಹಚ್ಚುವ ಕರ್ಪೂರ ಮೂಲತಃ ಈ ಜಾತಿಯ ಮರದಿಂದಲೇ ಬರುತ್ತಿದ್ದದ್ದು.

ಹೂವಿಗೆ ಜೂನ್ ಒಳ್ಳೆಯ ಕಾಲ. ದಾರಿ ಮಧ್ಯೆ ಗ್ಯೋಎನ್ ಎಂಬ ಒಳತೋಟ ಇದೆ, ಅದಕ್ಕೆ ಮಾತ್ರ 500 ಯೆನ್. ಮಳೆ ಬಿದ್ದ ಮೇಲೆ ಅಲ್ಲಿನ ನೇರಳೆ, ಬಿಳಿ ಐರಿಸ್ ಹೂಗಳನ್ನು ನೋಡಬೇಕು ನೀವು! ಅಲ್ಲೇ ಕಿಯೊಮಾಸ ಎಂಬ ಹಳೆಯ ಕಾಲದ ಸೇನಾನಿ ತೋಡಿಸಿದ್ದು ಎನ್ನುವ ಬಾವಿಯೂ ಇದೆ. ಒಳತೋಟದ ದಾರಿ ಇಕ್ಕಟ್ಟು, ಮಳೆಯಲ್ಲಿ ಜಾರಬಹುದು. ಅಮ್ಮನ ಕೈ ಹಿಡಿದುಕೊಳ್ಳಿ, ಐರಿಸ್ ನೋಡಿಕೊಂಡು ಅಲ್ಲಿಂದಲೇ ದೇವಸ್ಥಾನದ ಕಡೆ ಹೋಗಿ.