ಕಾಗೆ ಪಿಂಡ ಮುಟ್ಟಲಿಲ್ಲ, ಅಮ್ಮನಿಗೆ ಏನಾಗಿರಬಹುದು?

ಅರಸೀಕೆರೆಯ ಮಗಳು:
ಅಮ್ಮ ಹೋದದ್ದು ಶಿವರಾತ್ರಿ ಕಳೆದ ಮೇಲೆ. ಹತ್ತನೆಯ ದಿನ ಕೆರೆ ಏರಿಯಲ್ಲಿ ಪಿಂಡ ಇಟ್ಟು, ಬಿಸಿಲು ನೆತ್ತಿಗೇರುವವರೆಗೂ ಕಾದೆವು. ಕಾಗೆಗಳು ಹುಣಸೆಮರದಲ್ಲೇ ಕುಳಿತಿದ್ದವು. ಅಣ್ಣ ಕೈಮುಗಿದು "ಅಪ್ಪನನ್ನು ನಾನು ನೋಡಿಕೊಳ್ಳುತ್ತೇನೆ" ಎಂದ. ಆದರೂ ಒಂದೂ ಇಳಿಯಲಿಲ್ಲ. ಕೊನೆಗೆ ದರ್ಭೆಯಲ್ಲಿ ಕಾಗೆ ಮಾಡಿ ಮುಟ್ಟಿಸಿದರು. ಹಿಂದೆ ನಿಂತಿದ್ದ ಚಿಕ್ಕಮ್ಮ "ಅತ್ತೆಯ ಜೊತೆ ಮಾತು ಬಿಟ್ಟೇ ಹೋದಳಲ್ಲ, ಅದೇ ಇರಬೇಕು" ಎಂದರು. ಅದು ನಿಜವೇ. ಅಮ್ಮ, ಅಜ್ಜಿ ಒಂದೇ ಮನೆಯಲ್ಲಿದ್ದೂ ವರ್ಷಗಟ್ಟಲೆ ಮಾತಾಡಲಿಲ್ಲ. ಉಪ್ಪು ಬೇಕಾದರೂ ನನ್ನ ಮೂಲಕ ಕೇಳುತ್ತಿದ್ದರು. ಅಜ್ಜಿ ತೀರಿಕೊಂಡಾಗಲೂ ರಾಜಿಯಾಗಿರಲಿಲ್ಲ.

ಸಂಜೆ ಗರುಡ ಪುರಾಣ ಓದಿಸಿದರು. ಯಮಲೋಕದ ದಾರಿಯ ವೈತರಣಿ ನದಿಯ ರಕ್ತ, ಕೀವು, ಕಾದ ಎಣ್ಣೆಯ ಕೊಪ್ಪರಿಗೆ. ಅಮ್ಮನಿಗೆ ಒಲೆಯ ಮುಂದೆ ಸ್ವಲ್ಪ ಹೊತ್ತು ನಿಂತರೂ ತಲೆ ಸುತ್ತುತ್ತಿತ್ತು. ಈಗ ನಡುರಾತ್ರಿ ಎಚ್ಚರವಾದರೆ ಮತ್ತೆ ನಿದ್ದೆ ಹತ್ತುವುದಿಲ್ಲ. ಅವಳು ಎಲ್ಲಿದ್ದಾಳೆ? ಸತ್ತ ಮೇಲೆ ಏನೂ ಇಲ್ಲವೆಂದರೆ ಅದೂ ಭಯವೇ. ಕೊನೆಗೆ ಅವಳ ಗಂಟಲು ಗೊರಗೊರ ಎನ್ನುತ್ತಿತ್ತು. ಶಿಕ್ಷೆ ಆಗಲೇ ಶುರುವಾಗಿತ್ತೇ? ಧೈರ್ಯ ತಂದುಕೊಳ್ಳಿ ಎಂದಷ್ಟೇ ದಯವಿಟ್ಟು ಬರೆಯಬೇಡಿ.

ಶ್ರೀರಂಗಪಟ್ಟಣದ ಪುರೋಹಿತ:
ತಾಯಿ, ಪಶ್ಚಿಮವಾಹಿನಿಯಲ್ಲಿ ಅಪರಕರ್ಮ, ಅಂದರೆ ಸತ್ತವರ ಕ್ರಿಯೆಗಳನ್ನು, ಮಾಡಿಸುವುದೇ ನನ್ನ ವೃತ್ತಿ. ಹೊಟ್ಟೆ ತುಂಬಿದ ಕಾಗೆ ಇಳಿಯುವುದಿಲ್ಲ, ಜನ ಸುತ್ತುವರಿದರೂ ಇಳಿಯುವುದಿಲ್ಲ. ಅದರಲ್ಲಿ ಸತ್ತವರ ಮನಸ್ಸನ್ನು ಓದಬೇಡಿ. ತಂದೆಯವರು ಇದ್ದಾರೆ ಎಂದಿರಿ. ಹಾಗಿದ್ದರೆ ಹನ್ನೆರಡನೆಯ ದಿನದ ಸಪಿಂಡೀಕರಣದಲ್ಲಿ ಅಮ್ಮನ ಪಿಂಡವನ್ನು ಮೂರು ಭಾಗ ಮಾಡಿ ಅವರ ಅತ್ತೆ, ಅತ್ತೆಯ ಅತ್ತೆ, ಅವರ ಅತ್ತೆಯ ಪಿಂಡಗಳಲ್ಲಿ ಬೆರೆಸುತ್ತಾರೆ. ಅದರೊಂದಿಗೆ ಪ್ರೇತತ್ವ ಕಳೆದು ಪಿತೃಗಳ ಸಾಲಿಗೆ ಸೇರುತ್ತಾರೆ. ಮಾತು ಬಿಟ್ಟ ಇಬ್ಬರನ್ನೂ ನಿಮ್ಮ ಅಣ್ಣನೇ ತನ್ನ ಕೈಯಾರೆ ಒಂದು ಮಾಡಿದ್ದಾನೆ. ಚಿಕ್ಕಮ್ಮನಿಗೆ ಇದನ್ನು ಹೇಳಿ.

ಸತ್ತ ಮೇಲೆ ಮನುಷ್ಯ ಇರುತ್ತಾನೋ ಇಲ್ಲವೋ ಎಂಬುದನ್ನು ಕಠೋಪನಿಷತ್ತಿನಲ್ಲಿ ಹುಡುಗ ನಚಿಕೇತ ಯಮನನ್ನೇ ಕೇಳಿದ. ದೇವತೆಗಳಿಗೂ ಇದರಲ್ಲಿ ಸಂಶಯವಿತ್ತು, ಬೇರೆ ವರ ಕೇಳು ಎಂದು ಯಮ ಆನೆ, ಕುದುರೆ, ಚಿನ್ನ ಒಡ್ಡಿದ. ಹುಡುಗ ಬಗ್ಗಲಿಲ್ಲ. ನೀವೂ ಕೇಳಿ, ತಪ್ಪಿಲ್ಲ.

ಜಮಖಂಡಿಯವ:
ನಮ್ಮ ಲಿಂಗಾಯತರಲ್ಲಿ ಕಾಗೆಯೂ ಇಲ್ಲ, ವೈತರಣಿಯೂ ಇಲ್ಲ. ಅಜ್ಜನನ್ನು ಕೂರಿಸಿ, ಅಂಗೈಯಲ್ಲಿ ಇಷ್ಟಲಿಂಗ ಇಟ್ಟು, ವಿಭೂತಿ, ಪತ್ರೆ ಹಾಕಿ ಸಮಾಧಿ ಮಾಡಿದೆವು. 'ಮರಣವೇ ಮಹಾನವಮಿ' ಎಂಬ ಮಾತು ಕೇಳಿಯೇ ಬೆಳೆದವನು ನಾನು. ಆದರೂ ಮಣ್ಣು ಎದೆಮಟ್ಟಕ್ಕೆ ಬಂದಾಗ ಅಜ್ಜನಿಗೆ ಉಸಿರು ಕಟ್ಟುವುದಿಲ್ಲವೇ ಎಂದು ನಡುಗಿದೆ. ನರಕದ ಕಥೆ ಕೇಳದವನಿಗೂ ಅಂಜಿಕೆ ತಪ್ಪಲಿಲ್ಲ, ಅಕ್ಕ.

ಉಪಶಾಮಕ ಆರೈಕೆಯ ನರ್ಸ್:
ಗಂಟಲಿನ ಸದ್ದಿನ ಬಗ್ಗೆ ಹೇಳುತ್ತೇನೆ. ಕೊನೆಗಾಲದಲ್ಲಿ ನುಂಗುವ ಶಕ್ತಿ ಹೋಗುತ್ತದೆ. ಜೊಲ್ಲು, ಕಫ ಗಂಟಲಲ್ಲೇ ನಿಲ್ಲುತ್ತದೆ. ಉಸಿರು ಅದರ ಮೂಲಕ ಹಾಯುವಾಗ ಆ ಸದ್ದು. ಅಷ್ಟು ಹೊತ್ತಿಗೆ ಪ್ರಜ್ಞೆ ಬಹುಮಟ್ಟಿಗೆ ಇಳಿದಿರುತ್ತದೆ, ಪಕ್ಕದಲ್ಲಿ ಕುಳಿತವರಿಗೇ ಹೆಚ್ಚು ಸಂಕಟ. ಮಾತಾಡಲಾಗದವರ ನೋವನ್ನು ನಾವು ಮುಖದಲ್ಲಿ ನೋಡುತ್ತೇವೆ. ಅಮ್ಮನ ಹುಬ್ಬು ಗಂಟಿಕ್ಕಿತ್ತೇ? ಮುಟ್ಟಿದಾಗ ನರಳುತ್ತಿದ್ದರೇ?

ಅರಸೀಕೆರೆಯ ಮಗಳು:
ಇಲ್ಲ. ಹಣೆ ಸಡಿಲವಾಗಿತ್ತು, ಮಗ್ಗುಲು ಬದಲಿಸಿದರೂ ನರಳಲಿಲ್ಲ. ಅದನ್ನು ಕೇಳಿದ್ದಕ್ಕೆ ನಿಮಗೆ ಋಣಿ. ಗುರುಗಳೇ, ಅಣ್ಣನನ್ನು ಕೇಳಿದೆ. ಅಜ್ಜಿಯ ಹೆಸರು, ಗೋತ್ರ ಹೇಳಿಯೇ ಪಿಂಡ ಸೇರಿಸಿದನಂತೆ. ಆಗ ನಾನು ಅಡುಗೆಮನೆಯಲ್ಲಿದ್ದೆ. ನನ್ನ ಸಾವಿನ ಭಯ ಇನ್ನೂ ಹಾಗೆಯೇ ಇದೆ. ಕಠೋಪನಿಷತ್ತನ್ನು ಕನ್ನಡ ಅರ್ಥದೊಂದಿಗೆ ಅಮ್ಮನ ಮುಂದಿನ ಮಾಸಿಕ ಶ್ರಾದ್ಧದೊಳಗೆ ಓದಬೇಕೆಂದಿದ್ದೇನೆ. ಸಂಸ್ಕೃತ ಬಾರದವಳು ಯಾವ ಭಾಗದಿಂದ ಶುರು ಮಾಡಲಿ?